ಬಿಟ್ಟ ಸ್ಥಳ ತುಂಬಿರಿ

ಆಲ್ಟೊ ಒಸ್ಪಿಸಿಯೊ. ಶುಕ್ರವಾರ, ಎರಡನೇ ಪೀರಿಯಡ್ಡು.
ಕಿಟಕಿಯಾಚೆ ಕಡಲ ಮಂಜು ಮರಳುಗುಡ್ಡ ಹತ್ತಿ ಬಂದು
ಒಂದು ಹನಿಯನ್ನೂ ಉದುರಿಸದೆ ನಿಂತಿದೆ.
ಇವತ್ತು ಜೀನ್ಸ್ ದಿನ:
ಐನೂರು ಪೆಸೊ ಡಬ್ಬಿಗೆ ಹಾಕಿದವರಿಗೆ
ಸಮವಸ್ತ್ರದಿಂದ ಒಂದು ದಿನದ ಬಿಡುಗಡೆ.
ನಾನು ಹಲಗೆಯ ಮೇಲೆ ಬರೆದೆ: ಕ್ಯಾನ್.

ಈ ಪದದ ಮೇಲೆ ನನಗೊಂದು ಹಳೆಯ ಮುನಿಸು.
ನಮ್ಮ ಮಾತಲ್ಲಿ ಬರುತ್ತೆ ಅನ್ನೋದು ಬೇರೆ, ಆಗುತ್ತೆ ಅನ್ನೋದು ಬೇರೆ.
ಈಜು ಬರುತ್ತೆ; ನೆಗಡಿ, ಇವತ್ತು ಆಗಲ್ಲ.
ಇಂಗ್ಲಿಷು ಎರಡನ್ನೂ ಒಂದೇ ಚೀಲಕ್ಕೆ ತುರುಕಿ
ಬಾಯಿ ಕಟ್ಟಿ ಕಳಿಸುತ್ತದೆ,
ಹಡಗಿನಲ್ಲಿ ಇಲ್ಲಿಗೆ ಬಂದಿಳಿಯುವ ಹಳೆ ಬಟ್ಟೆಯ ಮೂಟೆಯ ಹಾಗೆ:
ಮದುವೆಯ ಗೌನೂ ಅದರಲ್ಲೇ, ಆಸ್ಪತ್ರೆಯ ಪೈಜಾಮವೂ ಅದರಲ್ಲೇ.

"ಯಾರಿಗೆ ಏನು ಬರುತ್ತೆ, ಹೇಳಿ."
ಮೈಕೋಲ್‌ನ ಪ್ಯಾಂಟು ಮೊಣಕಾಲಲ್ಲಿ ಹರಿದಿದೆ.
ಹರಿದದ್ದಲ್ಲ, ಹರಿದುಕೊಂಡದ್ದು; ಬ್ಲೇಡು ಅವನದೇ.
ಹಿಂದಕ್ಕೆ ಪಲ್ಟಿ ಹೊಡೀಬಲ್ಲೆ ಅಂದ,
ಹೊಡೆಯಲು ಎದ್ದೂಬಿಟ್ಟ. ಕೂರಿಸಿದೆ.
ಡಯಾನಾ ಅಣ್ಣನ ಹೂಡಿಯೊಳಗೆ ಎಲ್ಲೋ ಇದ್ದಳು,
ತೋಳು ಬೆರಳು ದಾಟಿ ಜೋತಾಡುತ್ತಿತ್ತು.
"ಐ ಕ್ಯಾನ್ ಸ್ಲೀಪ್" ಅಂದಳು.
ವ್ಯಾಕರಣ ಸರಿಯಿತ್ತು.

ನಯಾರೆತ್‌ಳ ಶರ್ಟಿನ ಬೆನ್ನಿಗೆ ಇಂಗ್ಲಿಷಿನ ಅಚ್ಚು:
ನಲವತ್ತೆರಡು ಕಿಲೋಮೀಟರ್, ಓಡಿ ಮುಗಿಸಿದೆ.
"ಅಷ್ಟು ದೂರ ಓಡೋಕಾಗುತ್ತಾ ನಿನಗೆ?"
"ಇಲ್ಲ ಮಿಸ್, ನನಗೆ ಉಬ್ಬಸ. ಶರ್ಟು ಓಡಿತ್ತು."
ತರಗತಿ ನಕ್ಕಿತು. ನಾನೂ.
ಆ ನಗು ಆರುವ ಮೊದಲೇ ಭೂತಕಾಲ ಕಲಿಸಿದೆ:
ದಿನಾ ಆಗುತ್ತಿದ್ದದ್ದಕ್ಕೆ ಕುಡ್.
ಒಂದೇ ಒಂದು ಸಲ, ಏದುಸಿರು ಬಿಟ್ಟು, ಅಂತೂ ಆದದ್ದಕ್ಕೆ
ವಾಸ್ ಏಬಲ್ ಟು.
ಯಾವ ಊರಲ್ಲೋ ಯಾರೋ ಒಬ್ಬಳಿಗೆ ಒಂದು ಬೆಳಗ್ಗೆ
ಅಂತೂ ಆಗಿತ್ತು.
ಆಮೇಲೆ ಅದನ್ನು ಮಡಚಿ ದಾನಕ್ಕೆ ಹಾಕಿದಳು.
ಹೇಗೆ ಮನಸ್ಸು ಬಂತೋ.

ಕೊನೆಯ ಬೆಂಚಿನಲ್ಲಿ ಎಲಿಸೆಯೊ ಮಮಾನಿ.
ಮೂವತ್ತೊಂದು ಬಣ್ಣಗಳ ನಡುವೆ ಅವನೊಬ್ಬ
ನೀಲಿ ಸ್ವೆಟರು, ಬೂದು ಪ್ಯಾಂಟು, ಕೊರಳಿಗೆ ಟೈ.
ಡಬ್ಬಿ ಅವನ ಮುಂದೆ ಬಂದಾಗ
ನಾನು ಹಾಜರಿ ಪುಸ್ತಕದಲ್ಲಿ ಮುಖ ಹುದುಗಿಸಿದ್ದೆ.
ಹದಿನಾಲ್ಕು ನನಗೂ ಆಗಿತ್ತು ಒಮ್ಮೆ.
ಆಗ ನೂರು ಪೆಸೊ. ಆ ನೂರು ಇರದ ದಿನ
ಹೊಟ್ಟೆನೋವು ಬರಿಸಿಕೊಳ್ಳುವುದು ಚೆನ್ನಾಗಿ ಬರುತ್ತಿತ್ತು ನನಗೆ.
ಅದಕ್ಕೆ ಕುಡ್ ಸಾಕು.

ಅವನಿಗೆ ಇಂಗ್ಲಿಷು ಕಲಿಸಿದ್ದು ನಾನಲ್ಲ, ಬಟ್ಟೆಯ ಚೀಟಿಗಳು.
ಭಾನುವಾರ ಸಂತೆಯಲ್ಲಿ ತಾಯಿಯ ಜೊತೆ ಮೂಟೆ ಬಿಚ್ಚುತ್ತಾನೆ:
ತಣ್ಣೀರಲ್ಲಿ ಒಗೆ. ಹಿಂಡಬೇಡ.
ಇಸ್ತ್ರಿ ಬೇಡ. ಬೆಂಕಿಯಿಂದ ದೂರವಿಡು.
ಬರೀ ಅಪ್ಪಣೆಗಳು; ಒಂದರಲ್ಲೂ ಕ್ಯಾನ್ ಇಲ್ಲ.

ಹಲಗೆಯ ಮೇಲೆ, ಪುಸ್ತಕದಲ್ಲಿದ್ದ ಹಾಗೇ, ಬರೆದೆ:
ಹೀ ———— ವೇರ್ ಜೀನ್ಸ್ ಟುಡೇ.
ಬಿಟ್ಟ ಸ್ಥಳ ತುಂಬಿರಿ.
"ಕಾಂಟ್!" ಕೂಗಿದ ಮೈಕೋಲ್, ಕತ್ತು ಹಿಂದಕ್ಕೆ ಹೊರಳಿಸಿ.
ವ್ಯಾಕರಣ ಆಗಲೂ ಸರಿಯಿತ್ತು.

ಎಲಿಸೆಯೊ ಎದ್ದು ನಿಂತ.
ಗಿರಾಕಿ ಕೆದಕಿ ಬಿಟ್ಟುಹೋದ ಅಂಗಿಯನ್ನು ಮತ್ತೆ ಮಡಚುವವನ ಹಾಗೆ
ಮೆಲ್ಲಗೆ, ನಮ್ಮ ಮಾತಲ್ಲೇ ಹೇಳಿದ:
"ದುಡ್ಡು ಹಾಕಿದೀನಿ ಮಿಸ್, ಬೇಕಾದ್ರೆ ಎಣಿಸಿ.
ಮನೇಲಿ ಹಾಕೋದೆಲ್ಲ ಮೂಟೇದು.
ಯಾರದೋ ಮೊಣಕಾಲು ಇರುತ್ತೆ ಅದರಲ್ಲಿ.
ಇದೊಂದನ್ನ ಅಮ್ಮ ಅಂಗಡಿಯಿಂದ ತಂದಳು.
ನನಗಿಂತ ಮುಂಚೆ ಇದನ್ನ ಯಾರೂ ತೊಟ್ಟಿಲ್ಲ."

ಮೈಕೋಲ್ ತನ್ನ ಹರುಕಿನ ದಾರ ಎಳೆಯುತ್ತ ಕೂತ.
ನಾನು ಪದ ಹುಡುಕಿದೆ.
ಬಾರದ್ದಲ್ಲ, ಆಗದ್ದೂ ಅಲ್ಲ.
ಬಲ್ಲ; ಒಲ್ಲ.
ಅದು ಮುಂದಿನ ಅಧ್ಯಾಯದಲ್ಲಿತ್ತು.

ಗಂಟೆ ಹೊಡೆಯಿತು. ಗೆರೆ ಖಾಲಿಯೇ ಉಳಿಯಿತು.
ನನ್ನ ಬ್ಲೌಸಿನ ಕಾಲರಿನೊಳಗೆ ಒಂದು ಚೀಟಿ,
ಒಗೆದರೂ ಹೋಗದ ಶಾಯಿಯಲ್ಲಿ: ಕೆ. ಹಾಲ್ವರ್ಸನ್.
ಏಳು ವರ್ಷದಿಂದ ಕತ್ತಿಗೆ ಉಜ್ಜುತ್ತಿದೆ.
ಕತ್ತರಿ ಮೇಜಿನ ಡ್ರಾಯರಿನಲ್ಲೇ ಇದೆ.