ಸೆಕೆಂಡಿಗೆ ಐವತ್ತು ಸಲ

ಸುಟ್ಟ ವಾಸನೆಯ ಜೊತೆಗೇ ಬಂದಳು ನನ್ನ ಅಂಗಡಿಗೆ,
ಕಂಬಳಿ ಸುತ್ತಿದ ಆಂಪ್ಲಿಫೈಯರನ್ನು
ಕದ್ದ ಕುರಿಮರಿಯ ಹಾಗೆ ಅವುಚಿಕೊಂಡು.
ಶುಶಾನಿಕ್. ಫ್ರೆಸ್ನೊದಿಂದ ಗ್ಯೂಮ್ರಿಗೆ
ನಲವತ್ತು ವರ್ಷದ ಮೇಲೆ ಮರಳಿದವಳು.
"ಗೋಡೆಗೆ ಸಿಕ್ಕಿಸಿದೆ, ಅಷ್ಟೆ."

ಅಷ್ಟೆ ಅಂದರೆ ಎಷ್ಟು, ಗೊತ್ತೇನಕ್ಕಾ?
ನೂರಿಪ್ಪತ್ತು ಉಂಡು ಬೆಳೆದ ಹೊಟ್ಟೆಗೆ
ಒಂದೇ ತುತ್ತಿಗೆ ಇನ್ನೂರಿಪ್ಪತ್ತು.
ಪುಣ್ಯಕ್ಕೆ ಫ್ಯೂಸು ತಾನು ಸತ್ತು ಮಿಕ್ಕವರನ್ನು ಉಳಿಸಿತ್ತು,
ಗಾಜಿನ ಕೊಳವೆಯಲ್ಲಿ ಕಾಡಿಗೆಯಷ್ಟು ಮಸಿ.
ಇದಕ್ಕೊಂದು ಮೇಣದಬತ್ತಿ ಹಚ್ಚಿ, ಎಂದೆ. ನಗಲಿಲ್ಲ.

ಮುಚ್ಚಿಹೋದ ಕಾಲುಚೀಲದ ಕಾರ್ಖಾನೆಯ ತಾಮ್ರ
ಹದಿನೈದು ವರ್ಷದಿಂದ ನನ್ನ ಕಪಾಟಿನಲ್ಲಿತ್ತು.
ಎರಡು ಸಂಜೆ ಕೂತು ಸುತ್ತಿದೆ, ಎಣಿಸುತ್ತ;
ನಡುವೆ ಯಾರೋ ಬ್ಯಾಟರಿ ಕೇಳಿಕೊಂಡು ಬಂದು
ಲೆಕ್ಕ ತಪ್ಪಿ, ಬಿಚ್ಚಿ, ಮತ್ತೆ ಒಂದರಿಂದ.
ಆ ಕಡೆ ಎಷ್ಟು ಸುತ್ತೋ ಈ ಕಡೆ ಹತ್ತಿರ ಹತ್ತಿರ ಅರ್ಧ.
ಒಂದು ಸುರುಳಿ ಇನ್ನೊಂದನ್ನು ಮುಟ್ಟುವುದಿಲ್ಲ,
ನಡುವೆ ಬರೀ ಕಬ್ಬಿಣ.
ಆದರೂ ಸುದ್ದಿ ದಾಟುತ್ತದೆ.

ಮೂರನೇ ಮಹಡಿ. ದೀಪ ಹತ್ತಿತು.
ನನ್ನ ಪೆಟ್ಟಿಗೆ ಮೂಲೆಯಲ್ಲಿ ಕೂತು
ಊಟ ಸಾಲದ ಮಾವನ ಹಾಗೆ ಗೊಣಗತೊಡಗಿತು.
ಅವಳು ತಟ್ಟೆ ತೆಗೆದಳು. ಅಲ್ಲಿನ ಚರ್ಚಿನವರು
ಇನ್ನೂರೇ ಪ್ರತಿ ಮಾಡಿಸಿದ್ದಂತೆ;
ತಂಗಿ ಅರ್ಷಲುಯ್ಸ್ ಒಬ್ಬಳೇ ಹಾಡಿದ ಹಾಡು ಅದರಲ್ಲಿ.
ತಂಗಿ ಅಲ್ಲೇ ಮಣ್ಣಾದಳು.
ಮುಳ್ಳು ಇಳಿಯಿತು.
ಹಾಡು ಶುರುವಾಯಿತು, ಗಂಡಸಿನ ದನಿಯಲ್ಲಿ.

ನನಗೆ ನಾಚಿಕೆ. ವಿವರಿಸತೊಡಗಿದೆ:
ವೋಲ್ಟೇಜು ಇಳಿಸಬಹುದಕ್ಕಾ, ಆದರೆ ಅಲ್ಲಿನ ಕರೆಂಟು
ಸೆಕೆಂಡಿಗೆ ಅರವತ್ತು ಸಲ ತುಯ್ಯುತ್ತದೆ, ಇಲ್ಲಿನದು ಐವತ್ತು.
ಈ ಮೋಟಾರು ನನ್ನ ಮಾತು ಕೇಳುವುದಿಲ್ಲ,
ಅದರ ಮಾತು ಕೇಳುತ್ತದೆ. ಆರು ಹೆಜ್ಜೆ ಇಡುವಲ್ಲಿ ಐದು.
ಗಡಿಯಾರವಾಗಿದ್ದರೆ ಗಂಟೆಗೆ ಹತ್ತು ನಿಮಿಷ ಹಿಂದೆ.
ರಾಟೆಗೊಂದು ಹಿತ್ತಾಳೆ ಉಂಗುರ ತೊಡಿಸಿದರೆ,
ಕೂದಲೆಳೆಯಷ್ಟು ದಪ್ಪ ಸಾಕು, ಸರಿಹೋಗುತ್ತದೆ...

ಅವಳು ಕೈ ಎತ್ತಿದಳು. ಸುಮ್ಮನಾದೆ.
ಕೆಳಗೆ ಯಾರೋ ಕಾರು ಸ್ಟಾರ್ಟು ಮಾಡಲು ಹೆಣಗುತ್ತಿದ್ದರು.

"ಇದು ಅಪ್ಪ," ಎಂದಳು.
ಲೇತಿನ ಕೆಲಸದವನಂತೆ. ಮಾತೇ ಕಮ್ಮಿ.
"ಹಾಡಿದ್ದನ್ನು ನಾವು ಕೇಳಿಯೇ ಇಲ್ಲ.
ಹಾಡಿದ್ದರೆ ಹೀಗೇ."

ತಟ್ಟೆ ಮುಗಿದು ಮುಳ್ಳು ಒಳಸುತ್ತಿನಲ್ಲಿ ಗೀರುತ್ತಿತ್ತು.
ಎತ್ತಿಡಲೇ ಎಂದು ನೋಡಿದೆ.
"ಉಂಗುರ ಮಾಡಿಕೊಡು," ಎಂದಳು ಕೊನೆಗೆ,
"ಆದರೆ ಬಿಚ್ಚಲು ಬರಬೇಕು."

ರಾಟೆಯ ಅಳತೆ ತೆಗೆದುಕೊಂಡೆ.
ಸಣ್ಣದೊಂದು ತಿರುಪು ಹುಡುಕಬೇಕು.