ಮೂರನೇ ಪಾಳಿ

ಮಿಲ್ಲಿನಾಗೆ ಹತ್ತೊಂಬತ್ತು ವರ್ಷ ಮೂರನೇ ಪಾಳಿ.
ಮಗ್ಗದ ಸದ್ದು ಎಡಗಿವಿ ಪೂರ್ತಿ ತಿಂದು
ಬಲಗಿವಿ ಅರ್ಧ ಉಳಿಸಿ
ತಾನೂ ಬೀಗ ಹಾಕಿಸಿಕೊಂಡು ಹೋತು.
ಈಗ ತೋಳಹುಣಸೆ ಕ್ಯಾಂಪಸ್ಸಿನ ಹಿಂದಿನ ಗೇಟು ನಂದು.
ಒಂದು ಕುರ್ಚಿ, ಒಂದು ಬ್ಯಾಟರಿ, ಒಂದು ರಿಜಿಸ್ಟರು:
ಹೆಸರು, ಊರು, ಬಂದ ಕೆಲಸ, ಹೊತ್ತು.

ಸೀಟಿ ಊದೋರು ಇಲ್ಲದಿದ್ರೂ
ಏಳಕ್ಕೆ ಇನ್ನೈದು ನಿಮಿಷ ಇರುವಾಗ
ಆಲದ ಮರದಿಂದ ಪಾಳಿ ಬಿಡ್ತೈತೆ.
ಮೊದಲು ಒಂದು, ದಾರಿ ನೋಡೋ ಮೇಸ್ತ್ರಿ ಹಂಗೆ;
ಆಮೇಲೆ ಬುತ್ತಿ ಇಲ್ಲದ ಕೂಲಿಗಳು ಸಾಲಾಗಿ
ತೊಗಲಿನ ಕೊಡೆ ಬಿಚ್ಚಿ
ಭದ್ರಾ ನಾಲೆ ದಾಟಿ, ಆನಗೋಡಿನ ಕಡಿಗೆ.

ಮುಬೀನಾ ಬಂದಿದ್ದು ಆಷಾಢದಾಗೆ.
‘ಬಂದ ಕೆಲಸ’ ಅಂಬೋ ಕಡೆ ‘ಬಾವಲಿ’ ಅಂತ ಬರೆದಳು.
ಎರಡು ಸಲ ಓದಿದೆ.
ಗಸಗಸೆ ಮರದ ಪಕ್ಕ ಎರಡು ಕೋಲು ನೆಟ್ಟು
ಕೂದಲಂಥ ನೂಲಿನ ಬಲೆ ಕಟ್ಟಿದಳು.
ನೂಲು ಕಂಡರೆ ಕೌಂಟು ಹೇಳದೆ ಇರಕ್ಕಾಗಲ್ಲ ನನಗೆ.
ಎಂಬತ್ತರ ಮೇಲೆ, ಅಂದೆ.
ನೈಲಾನು ಅಜ್ಜಾ, ಅಂತ ನಕ್ಕಳು.

ಸಿಕ್ಕಿದ್ದನ್ನ ಬಟ್ಟೆಚೀಲದಾಗೆ ತೂಗಿ
ಮುಂಗೈ ಅಳೆದು, ಕಿವಿ ಅಳೆದು
ಸಕ್ಕರೆ ನೀರು ಕುಡಿಸಿ ಬಿಡೋಳು.
ಒಂದರ ಎದೆಗೆ ಮರಿ ಕಚ್ಚಿಕೊಂಡಿತ್ತು.
ಅದನ್ನ ಅಳೀಲಿಲ್ಲ.

ಎರಡೇ ಜಾತಿ ಅಂತ ಅರವತ್ತು ವರ್ಷ ತಿಳಕೊಂಡಿದ್ದೆ:
ದೊಡ್ಡದು ತೊಗಲುಬಾವಲಿ, ಸಣ್ಣದು ಕಣ್ಣಕಪ್ಪಡಿ, ಮುಗೀತು.
ಅವಳ ಪುಸ್ತಕದಾಗೆ ಹನ್ನೊಂದು ಅವೆ.
ಗಿಡ್ಡ ಮೂಗಿನದು, ಲಾಳದ ಮೂಗಿನದು,
ನೀರಿನ ಟ್ಯಾಂಕಿನ ಬಿರುಕಿನಾಗೆ ಬೆಂಕಿಪೊಟ್ಟಣದಷ್ಟು ಒಂದು,
ಕೊಂಡಜ್ಜಿ ಕಾಡಿನ ಬಂಡೆಸಂದಿಯಾಗೆ ಸಿಕ್ಕಿದ್ದಕ್ಕೆ
ಇನ್ನೂ ಹೆಸರು ಗೊತ್ತಾಗಿಲ್ಲವಂತೆ.

ಆಮೇಲೆ ಆ ಡಬ್ಬ.
ಅವು ಕೂಗೋದು ಇದರಾಗೆ ಕೇಳ್ತದೆ ಅಜ್ಜಾ.
ನನಗೆ ಕೇಳಲ್ಲವ್ವ, ಅಂದೆ.
ಬರೀ ಕಿವಿಗೆ ಯಾರಿಗೂ ಕೇಳಲ್ಲ, ಅಂದು
ಬಲಗಿವಿಗೆ ಹಿಡಿದಳು.
ಟಕ್.
ಟಕ್. ಟಕ್.
ಟಕ್‌ಟಕ್ ಟಕಟಕಟಕಟಕ
ಲಾಳಿ!
ಹುಳ ಹತ್ತಿರ ಬಂದಂಗೆಲ್ಲ ಲಾಳಿ ಜೋರು,
ಹಿಡಿದ ಮೇಲೆ ಒಂದುಸಿರು ಸುಮ್ಮನೆ, ಮತ್ತೆ ಶುರು.
ಗದ್ದೆಯಿಂದ ಎದ್ದ ಜಿಗಿಹುಳದ ಮೋಡದೊಳಗೆ
ಇಪ್ಪತ್ತಾರು ವರ್ಷದ ಮೇಲೆ
ನನ್ನ ಮಗ್ಗ ನಡೀತಿತ್ತು.
ದೊಡ್ಡವು ದಾಟುವಾಗ ಮಾತ್ರ ಡಬ್ಬ ಮೂಕ.
ಅವು ಕಣ್ಣಲ್ಲೇ ನೋಡ್ತವೆ, ಅಂದಳು.
ಬಾವಲಿ ಕುರುಡು ಅಂದೋರನ್ನ ಕರೀರಿ ಒಂದು ಸಲ.

ಮುಚ್ಚಿದ ಮಿಲ್ಲಿನ ಚಿಮಣಿ ನೆತ್ತಿಯಾಗೆ
ಒಂದು ಅತ್ತಿಗಿಡ ಎದ್ದೈತೆ.
ಬಿತ್ತಿದೋರು ಯಾರು ಅಂತ ಆವತ್ತು ಗೊತ್ತಾತು.

ಕಾರ್ತೀಕದಾಗೆ ಆಲಕ್ಕೆ ಹಳದಿ ಬಣ್ಣದಾಗೆ ಹದಿನೇಳು ಅಂತ ಬರೆದರು.
ಪರೀಕ್ಷಾ ಭವನಕ್ಕೆ ಜಾಗ, ಕಾರಿನ ಮೇಲೆ ಹಿಕ್ಕೆ, ಜ್ವರದ ಭಯ:
ಮೂರು ಕಾರಣ, ಒಂದು ಹಾಳೆ.
ಹರಾಜಿನ ಹಿಂದಿನ ದಿನ ನಮ್ಮ ಮಗ್ಗಗಳಿಗೂ ಹಿಂಗೇ ಬರೆದಿದ್ದರು.
ನನ್ನದು ನಲವತ್ತೆರಡು.

ಮುಬೀನಾ ಆಫೀಸಿನಾಗೆ ನಿಂತು ಹೇಳಿದಳು:
ಮುಟ್ಟಬೇಡಿ, ಕಚ್ಚಿದ ಹಣ್ಣು ತಿನ್ನಬೇಡಿ, ಅಷ್ಟು ಸಾಕು.
ಮನೆ ಕೆಡವಿದರೆ ಅವು ದಿಕ್ಕೆಟ್ಟು ನಮ್ಮ ಹತ್ತಿರಕ್ಕೇ ಬರ್ತವೆ.
ಸಂಜೆ ಬಂದು ಕೇಳಿ ಅಂತ ಎಲ್ಲರನ್ನೂ ಕರೆದಳು.
ಬಂದವನು ಇಂಜಿನಿಯರು ವಿರೂಪಣ್ಣ ಒಬ್ಬ.
ಡಬ್ಬ ಕಿವಿಗಿಟ್ಟುಕೊಂಡು ಬಹಳ ಹೊತ್ತು ನಿಂತ.
ಡ್ರೈವರು ಎರಡು ಸಲ ಹಾರ್ನು ಹೊಡೆದ.
ಏನೂ ಅನ್ನದೆ ಹೋದ.
ಹೋಗುವಾಗ ಹೆಡ್‌ಲೈಟು ಹಚ್ಚಲಿಲ್ಲ, ಗೇಟಿನ ತನಕ.

ನಾಳೆ ಗರಗಸ ಬರ್ತೈತೋ ಇಲ್ಲವೋ ಯಾರೂ ಹೇಳಿಲ್ಲ.
ಹೇಳಿದ್ರೂ ಯಾವ ಕಿವಿಗೆ ಹೇಳಿದರೋ.
ಇವತ್ತಿನ ಹಾಳೆ ಬರೆದೀನಿ:
ಹೆಸರು, ತೊಗಲುಬಾವಲಿ.
ಊರು, ಮರ ಸಂಖ್ಯೆ ಹದಿನೇಳು.
ಕೆಲಸ, ಬಿತ್ತನೆ.
ಹೋದದ್ದು ಆರು ಐವತ್ತೈದಕ್ಕೆ, ಮುನ್ನೂರ ನಾಕು ಮಂದಿ.
ಬಂದ ಹೊತ್ತಿನ ಮನೆ ಖಾಲಿ ಬಿಟ್ಟು
ಪೆನ್ನಿನ ಮುಚ್ಚಳ ಹಾಕದೆ
ಕುಂತೀನಿ.