ಮೂರು ನಿಮಿಷ

ಗಲ್ಫಿನ ದೊಡ್ಡ ವಿಮಾನ ಈಗಷ್ಟೇ ಎದ್ದು ಹೋಯಿತು.
ಅದರ ಹಿಂದೆ ನಮಗೆ ಮೂರು ನಿಮಿಷ.
ಬಜಪೆ ಗುಡ್ಡದ ನೆತ್ತಿ, ಜನವರಿಯ ಇಳಿಮಧ್ಯಾಹ್ನ,
ಎರಡು ಸೀಟಿನ ಸೆಸ್ನಾ ನಿಂತಲ್ಲೇ ನಡುಗುತ್ತಿದೆ.

"ರನ್‌ವೇ ಖಾಲಿ ಇದೆಯಲ್ಲ ಸರ್?"
"ಕಾಣದ್ದಕ್ಕೇ ಕಾಯುವುದು" ಅಂದರು ಕ್ಯಾಪ್ಟನ್ ಅರಾನ್ಹ.
ಅದರ ರೆಕ್ಕೆತುದಿಯಿಂದ ಕಳಚಿದ ಸುಳಿಗಳು
ಇನ್ನೂ ಅಲ್ಲೇ ಹೊರಳುತ್ತಿರುತ್ತವಂತೆ;
ನಮ್ಮಂಥದ್ದನ್ನು ಮಗುಚಲು ಒಂದು ಸಾಕಂತೆ.

ಬೆಂಗ್ರೆಯ ಅಳಿವೆ ಬಾಯಲ್ಲಿ ದೋಣಿ ತಡೆದು,
ಬೀಡಿ ಆರಿದ್ದೂ ತಿಳಿಯದೆ ಅಲೆ ನೋಡುತ್ತ ಕೂರುತ್ತಿದ್ದ ಅಪ್ಪ,
ತಾಂಡೇಲ ವಾಸು ಮೆಂಡನ್.
ಒಂದು ಹೋಯಿತು. ಇನ್ನೊಂದು ಹೋಯಿತು.
"ಈಗಲಾ?" ಅಂದರೆ ಉತ್ತರವಿಲ್ಲ.
ಯಾವ ಅಲೆಯ ಬೆನ್ನಿಗೆ ದಾರಿ ಇದೆಯೆಂದು
ಹೇಳಿಕೊಟ್ಟದ್ದೇ ಇಲ್ಲ.
ಒಮ್ಮೆಗೇ ಇಂಜಿನ್ ಗರ್ಜಿಸಿದಾಗ ಒಂದೇ ಮಾತು:
ದುಂಬು ತೂಲ. ಮುಂದೆ ನೋಡು.

ಮಿಕ್ಸ್ಚರ್ ಪೂರ್ತಿ. ಫ್ಲ್ಯಾಪ್ ಹತ್ತು. ಟ್ರಿಮ್ ಸರಿ.
ಬಾಗಿಲು, ಬೆಲ್ಟು. ಬೆಲ್ಟು ಮತ್ತೊಮ್ಮೆ.
ಎತ್ತರದ ಮುಳ್ಳು ನಿಂತಲ್ಲೇ ಮುನ್ನೂರು ಚಿಲ್ಲರೆ ಅಡಿ ಅನ್ನುತ್ತಿದೆ,
ಗುಡ್ಡ ಕೊಟ್ಟ ಕೈಗಡ.
ಆಚೆ ವಿಂಡ್‌ಸಾಕು, ಕಡಲಿಗೆ ಬಾಯ್ದೆರೆದು
ಗಾಳಿ ತುಂಬಿಕೊಂಡ ಬಲೆಯ ಚೀಲ.

ಟವರ್ ಹೂಂ ಅಂದಿತು.

ಥ್ರಾಟಲ್ ಪೂರಾ.
ಮೂಗು ಎಡಕ್ಕೆ ಜಗ್ಗುತ್ತದೆ, ಬಲಗಾಲು ಒತ್ತು.
ವೇಗದ ಮುಳ್ಳಿಗೆ ಜೀವ ಬಂತು, ನಲವತ್ತು,
ಐವತ್ತು, ಚಕ್ರದ ಗಡಗಡ ತೆಳುವಾಗಿ
ಐವತ್ತೈದಕ್ಕೆ, "ಎಳೆಯಬೇಡ, ಬರಗೊಡು."
ಬಂತು.
ಸದ್ದು ಕೆಳಗೇ ಉಳಿಯಿತು.

"ಇಂಜಿನ್ ಈಗ ನಿಂತರೆ?"
"ನೇರ ಮುಂದೆ ಸರ್. ಹಿಂದಿರುಗುವುದಿಲ್ಲ."
ಬಾಯಿಪಾಠ ಮುಗಿಯುವಷ್ಟರಲ್ಲಿ ಗುಡ್ಡವೇ ಮುಗಿಯಿತು.
ಮುಳ್ಳು ತನ್ನ ಪಾಡಿಗೆ ಏರುತ್ತಿತ್ತು,
ನೆಲ ಮಾತ್ರ ಹೇಳದೆ ಕೇಳದೆ ಇಳಿದುಬಿಟ್ಟಿತು:
ಹೆಂಚು, ತೆಂಗು, ಕೆಂಪುಕಲ್ಲಿನ ಕೋರೆ, ಶಾಲೆಯ ಅಂಗಳದ ಬಿಳಿ ಚುಕ್ಕೆ ಮಕ್ಕಳು.
ಮುಂದೆ ಅಂದರೆ ಎಲ್ಲಿ ಸರ್?
ಕೇಳಲಿಲ್ಲ. ಅವರ ಬೆರಳು ಮಾತ್ರ
ಗುರುಪುರ ಹೊಳೆಯ ಪಕ್ಕದ ಒಂದು ಗದ್ದೆ ತೋರಿಸಿ
ಮತ್ತೆ ಮಡಿಲಿಗೆ ಹೋಯಿತು.

ಫ್ಲ್ಯಾಪ್ ಮೇಲೆ. ವಿಮಾನ ಒಂದು ಕ್ಷಣ ಕುಸಿದಂತಾಗಿ
ಸಾವರಿಸಿಕೊಂಡಿತು. ಎಪ್ಪತ್ತು ನಾಟ್. ಸಾವಿರ ಅಡಿ.
ಎರಡು ಸಾವಿರ.

ಎಡಗಡೆ ಅಳಿವೆ!
ಇಷ್ಟೆತ್ತರದಿಂದಾದರೂ ಆ ಗುಟ್ಟು
ಕಂಡೀತೆಂದು ಬಗ್ಗಿ ನೋಡಿದೆ.
ಇಸ್ತ್ರಿ ಹಾಕಿದ ಕಡಲು. ಅಂಚಿಗೆ ಬಿಳಿ ಹೊಲಿಗೆ.
ಒಂದು ಅಲೆಯೂ ಅಲುಗುತ್ತಿಲ್ಲ,
ಒಂದು ದೋಣಿ, ಕಾಳಿನಷ್ಟು, ಕಾಯುತ್ತಿದೆ
ಅಥವಾ ಹೋಗುತ್ತಿದೆ.

"ಬಲಗಾಲು ಮಲಗಿತು" ಅಂದರು ಅರಾನ್ಹ.
ಒತ್ತಿದೆ.